ಕಿರುತೆರೆಯ ಹಳೆಯ ಸಾಲ: ಚಿಲಿಯ ಧಾರಾವಾಹಿಗಳು ಮತ್ತು ಸರ್ವಾಧಿಕಾರದ ನೆನಪು

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರಂದು ಸೇನೆ ಕ್ಷಿಪ್ರಕ್ರಾಂತಿ ನಡೆಸಿ, ಜನರಿಂದ ಆಯ್ಕೆಯಾಗಿದ್ದ ಸಮಾಜವಾದಿ ಅಧ್ಯಕ್ಷ ಸಾಲ್ವಡೋರ್ ಅಯೆಂದೆ ಅವರ ಸರ್ಕಾರವನ್ನು ಉರುಳಿಸಿತು. ವಾಯುಪಡೆಯ ವಿಮಾನಗಳು ರಾಜಧಾನಿ ಸಾಂಟಿಯಾಗೊದ ಲಾ ಮೊನೆಡಾ ಅರಮನೆಯ ಮೇಲೆ ಬಾಂಬು ಹಾಕಿದವು, ಅಯೆಂದೆ ಅಲ್ಲಿಯೇ ಪ್ರಾಣ ಬಿಟ್ಟರು, ಮತ್ತು ಸೇನಾ ದಂಡನಾಯಕ ಅಗುಸ್ತೊ ಪಿನೊಚೆಯ ಆಳ್ವಿಕೆ 1990ರ ಮಾರ್ಚ್ 11ರವರೆಗೆ ಮುಂದುವರಿಯಿತು. ಈ ಅವಧಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೊಲೆಯಾದರು ಅಥವಾ ಬಂಧನದ ನಂತರ ಸುಳಿವಿಲ್ಲದಂತೆ ಕಣ್ಮರೆಯಾದರು, ಹತ್ತಾರು ಸಾವಿರ ಮಂದಿ ಚಿತ್ರಹಿಂಸೆ ಅನುಭವಿಸಿದರು. ಈ ಸಂಗತಿಗಳನ್ನು ಸರ್ಕಾರವೇ ನೇಮಿಸಿದ ಎರಡು ಆಯೋಗಗಳು ದಾಖಲಿಸಿವೆಯಾದರೂ, ಅವು ವರದಿಯ ಪುಟಗಳಿಂದ ಇಳಿದು ಸಾಮಾನ್ಯ ಕುಟುಂಬಗಳ ಊಟದ ಮೇಜಿನ ಮಾತಾದದ್ದು ಬಹುಮಟ್ಟಿಗೆ 2008 ಮತ್ತು 2014ರ ನಡುವೆ ಪ್ರಸಾರವಾದ ಕೆಲವು ಧಾರಾವಾಹಿಗಳಿಂದ. ಈ ಬೆಳವಣಿಗೆಯನ್ನು ಮನರಂಜನೆಯ ಇತಿಹಾಸದ ಒಂದು ಅಧ್ಯಾಯವೆಂದಷ್ಟೇ ನೋಡಿದರೆ ಅದರ ಮುಖ್ಯ ಅಂಶ ಕೈತಪ್ಪುತ್ತದೆ. ಏಕೆಂದರೆ ಸತ್ಯವನ್ನು ಮನೆಯೊಳಗೆ ತಂದ ಆ ಪರದೆಯೇ ಮೂವತ್ತು ವರ್ಷಗಳ ಹಿಂದೆ ಅದೇ ಸತ್ಯವನ್ನು ಮನೆಯಿಂದ ಹೊರಗಿಟ್ಟಿತ್ತು. ಚಿಲಿಯ ಧಾರಾವಾಹಿಗಳು ಸರ್ವಾಧಿಕಾರದ ನೆನಪಿಗೆ ಕೊಟ್ಟ ಆಕಾರವನ್ನು ಅರಿಯಬೇಕಾದರೆ ಮೊದಲು ಆ ಹಳೆಯ ಸಾಲದ ಲೆಕ್ಕ ತೆಗೆಯಬೇಕಾಗುತ್ತದೆ.

ಚಿಲಿಯಲ್ಲಿ ಟೆಲಿವಿಷನ್ ಹುಟ್ಟಿದ್ದು ವಿಶ್ವವಿದ್ಯಾಲಯಗಳ ಅಂಗಳದಲ್ಲಿ. 1959ರಲ್ಲಿ ವಾಲ್ಪರೈಸೊ ಮತ್ತು ಸಾಂಟಿಯಾಗೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳು, ಮರುವರ್ಷ ಚಿಲಿ ವಿಶ್ವವಿದ್ಯಾಲಯ ಪ್ರಸಾರ ಆರಂಭಿಸಿದವು. 1962ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿ ಚಿಲಿಯಲ್ಲೇ ನಡೆದಾಗ ಟೀವಿ ಪೆಟ್ಟಿಗೆ ಅನುಕೂಲಸ್ಥರ ಮನೆಗಳನ್ನು ಹೊಕ್ಕಿತು. 1969ರಲ್ಲಿ ತೆಲೆವಿಸಿಯೋನ್ ನಾಸಿಯೊನಾಲ್, ಅಂದರೆ ಟಿವಿಎನ್ ಎಂದು ಕರೆಯಲಾಗುವ ಸರ್ಕಾರಿ ವಾಹಿನಿ ಸ್ಥಾಪನೆಯಾಯಿತು. ಖಾಸಗಿ ಒಡೆತನಕ್ಕೆ ಅವಕಾಶವಿಲ್ಲದೆ, ರಾಜ್ಯ ಮತ್ತು ವಿಶ್ವವಿದ್ಯಾಲಯಗಳು ಮಾತ್ರ ಪ್ರಸಾರ ಮಾಡಬಹುದಾಗಿದ್ದ ಈ ವ್ಯವಸ್ಥೆ ಶಿಕ್ಷಣ ಮತ್ತು ಸಂಸ್ಕೃತಿಯ ಉದ್ದೇಶದಿಂದ ರೂಪುಗೊಂಡಿತ್ತಾದರೂ, ಕ್ಷಿಪ್ರಕ್ರಾಂತಿಯ ನಂತರ ಸೇನೆಯ ಕೈಗೆ ಅದು ಅನಾಯಾಸವಾಗಿ ಸಿಕ್ಕಿತು. ಸೇನೆ ವಿಶ್ವವಿದ್ಯಾಲಯಗಳಿಗೆ ತನ್ನ ಅಧಿಕಾರಿಗಳನ್ನೇ ಕುಲಪತಿಗಳನ್ನಾಗಿ ನೇಮಿಸಿದೊಡನೆ ಅವುಗಳ ಅಧೀನದ ವಾಹಿನಿಗಳೂ ಅದರ ಹಿಡಿತಕ್ಕೆ ಬಂದವು, ಮತ್ತು ಹೊಸದೊಂದು ಸೆನ್ಸಾರ್ ಮಂಡಳಿಯ ಅಗತ್ಯವೂ ಹೆಚ್ಚಾಗಿ ಬೀಳಲಿಲ್ಲ.

ಮುಂದಿನ ವರ್ಷಗಳಲ್ಲಿ ಈ ಪರದೆ ಎರಡು ಬಗೆಯಲ್ಲಿ ಆಡಳಿತದ ಸೇವೆ ಮಾಡಿತು. ಮೊದಲನೆಯದು ನೇರವಾದ ಸುಳ್ಳು. 1975ರ ನವೆಂಬರ್‌ನಲ್ಲಿ ಸಾಂಟಿಯಾಗೊದ ಹೊರವಲಯದ ರಿಂಕೊನಾದ ದೆ ಮೈಪು ಎಂಬಲ್ಲಿ ಶಸ್ತ್ರಸಜ್ಜಿತ ಎಡಪಂಥೀಯರು ಭದ್ರತಾ ಪಡೆಗಳೊಂದಿಗೆ ಹೋರಾಡಿ ಸತ್ತರೆಂದು ವಾಹಿನಿಗಳು ವರದಿ ಮಾಡಿದವು. ಸತ್ತವರು ಅದಾಗಲೇ ವಿಯಾ ಗ್ರಿಮಾಲ್ದಿ ಎಂಬ ಗುಪ್ತ ಬಂಧನ ಕೇಂದ್ರದಲ್ಲಿದ್ದ ಕೈದಿಗಳೆಂಬುದು, ಕ್ಯಾಮೆರಾಗಳಿಗೆ ತೋರಿಸಿದ ಗುಂಡಿನ ಕಾಳಗ ಗುಪ್ತಚರ ಸಂಸ್ಥೆ ದಿನಾ ಹೂಡಿದ ನಾಟಕವೆಂಬುದು ತನಿಖೆಗಳಿಂದ ಆಮೇಲೆ ಹೊರಬಿತ್ತು. ಎರಡನೆಯದು ಸುಳ್ಳಿಗಿಂತ ವ್ಯಾಪಕವಾದ ಮರೆಮಾಚುವಿಕೆ: ಸ್ಪರ್ಧೆಗಳು, ಹಾಸ್ಯ, ಸಂಗೀತೋತ್ಸವ, 1978ರಲ್ಲಿ ಬಂದ ಬಣ್ಣದ ಪ್ರಸಾರ, ಮತ್ತು 1981ರಲ್ಲಿ ಕ್ಯಾನಲ್ 13ರಲ್ಲಿ ಇಡೀ ದೇಶವನ್ನೇ ಕಟ್ಟಿಹಾಕಿದ ‘ಲಾ ಮಾದ್ರಾಸ್ತ್ರಾ’, ಅಂದರೆ ‘ಮಲತಾಯಿ’ ಎಂಬ ಧಾರಾವಾಹಿ. ಲ್ಯಾಟಿನ್ ಅಮೆರಿಕದಲ್ಲಿ ತೆಲೆನೊವೆಲಾ ಎಂದು ಹೆಸರಾದ ಈ ದಿನವಹಿ ಕುಟುಂಬಕಥೆಗಳಲ್ಲಿ ಕೊಲೆಯಿತ್ತು, ಸೆರೆಮನೆಯಿತ್ತು, ಕಣ್ಮರೆಯಾಗಿ ಮರಳಿ ಬಂದವರಿದ್ದರು, ಆದರೆ ಇವೆಲ್ಲವೂ ಆಸ್ತಿ ಮತ್ತು ಪ್ರೇಮದ ಲೆಕ್ಕದಲ್ಲಿದ್ದವೇ ಹೊರತು ರಾಜ್ಯದ ಲೆಕ್ಕದಲ್ಲಲ್ಲ. ಸಂಜೆ ಟೀವಿಯ ಮುಂದೆ ಕೂರುವ ರೂಢಿಯೂ, ಬೀದಿಯಲ್ಲಿ ನಡೆದದ್ದನ್ನು ಮಕ್ಕಳ ಮುಂದೆ ಆಡದಿರುವ ರೂಢಿಯೂ ಮಧ್ಯಮ ವರ್ಗದ ಮನೆಗಳಲ್ಲಿ ಜೊತೆಜೊತೆಯಾಗಿ ಬೇರೂರಿದವು.

ಪರದೆಯ ಈ ಮೌನಕ್ಕೆ ಪ್ರತಿಯಾಗಿ 1984ರಿಂದ ಮತ್ತೊಂದು ಟೆಲಿವಿಷನ್ ಕದ್ದುಮುಚ್ಚಿ ಬೆಳೆಯಿತು. ವಿರೋಧಪಕ್ಷದ ‘ಅನಾಲಿಸಿಸ್’ ಪತ್ರಿಕೆಯ ಬಳಗದಿಂದ ಹೊರಟ ‘ತೆಲೆಅನಾಲಿಸಿಸ್’ ಎಂಬ ವಿಡಿಯೊ ಸುದ್ದಿಪತ್ರಿಕೆಯ ತಂಡ ಪ್ರತಿಭಟನೆ, ಪೊಲೀಸ್ ದಾಳಿ, ಶವಸಂಸ್ಕಾರ ಮತ್ತು ಕೊಳೆಗೇರಿಗಳ ಸಾಮೂಹಿಕ ಅಡುಗೆಮನೆಗಳನ್ನು ಚಿತ್ರೀಕರಿಸಿ, ಕ್ಯಾಸೆಟ್‌ಗಳಲ್ಲಿ ನಕಲು ಮಾಡಿ, ಚರ್ಚುಗಳಿಗೂ ಕಾರ್ಮಿಕ ಸಂಘಗಳಿಗೂ ನೆರೆಹೊರೆಯ ಕೂಟಗಳಿಗೂ ತಲುಪಿಸುತ್ತಿತ್ತು. ಚಿಲಿಯೊಳಗೆ ಸಾರ್ವಜನಿಕ ಪ್ರಸಾರಕ್ಕೆ ನಿಷೇಧವಿದೆ ಎಂಬ ಸೂಚನೆ ಆ ಕ್ಯಾಸೆಟ್‌ಗಳ ಮೇಲೆಯೇ ಇರುತ್ತಿತ್ತು. ಅಂದಿನ ನೋಡುಗರ ಸಂಖ್ಯೆ ವಾಹಿನಿಗಳ ಪ್ರೇಕ್ಷಕರ ಎದುರು ನಗಣ್ಯವಾಗಿದ್ದರೂ ಈ ಕೆಲಸದ ಬೆಲೆ ಮುಂದೆ ತಿಳಿಯಿತು. ಅಧಿಕೃತ ವಾಹಿನಿಗಳು ಚಿತ್ರೀಕರಿಸಲು ನಿರಾಕರಿಸಿದ ದಶಕದ ದೃಶ್ಯಗಳು ಉಳಿದದ್ದು ಇಂಥ ತಂಡಗಳು ಮತ್ತು ವಿದೇಶಿ ವರದಿಗಾರರು ತೆಗೆದ ಟೇಪುಗಳಲ್ಲಿಯೇ.

ಸರ್ವಾಧಿಕಾರದ ಅಂಚಿನಲ್ಲಿ ಅಧಿಕೃತ ಪರದೆಯೇ ಒಮ್ಮೆ ಬಿರುಕುಬಿಟ್ಟಿತು. ಪಿನೊಚೆಯ ಅಧಿಕಾರವನ್ನು ಇನ್ನೂ ಎಂಟು ವರ್ಷ ಮುಂದುವರಿಸಬೇಕೇ ಬೇಡವೇ ಎಂದು ಕೇಳುವ ಜನಮತಗಣನೆಯನ್ನು 1988ರ ಅಕ್ಟೋಬರ್ 5ಕ್ಕೆ ಗೊತ್ತುಪಡಿಸಿ, ಅದಕ್ಕೆ ಮುಂಚಿನ 27 ದಿನಗಳ ಕಾಲ ಎರಡೂ ಪಕ್ಷಗಳಿಗೆ ದಿನಕ್ಕೆ 15 ನಿಮಿಷಗಳ ಪ್ರಚಾರಾವಕಾಶವನ್ನು ಎಲ್ಲ ವಾಹಿನಿಗಳಲ್ಲೂ ಕೊಡಲಾಯಿತು. ‘ಬೇಡ’ ಪಕ್ಷದ ಕಾರ್ಯಕ್ರಮದ ಒಂದು ತುಣುಕಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಕ್ಯಾಮೆರಾದ ಎದುರು ಕುಳಿತು, ಕ್ಷಿಪ್ರಕ್ರಾಂತಿಯ ನಂತರ ತಮ್ಮನ್ನು ಮನೆಯಿಂದ ಎಳೆದೊಯ್ದು ಚಿತ್ರಹಿಂಸೆಗೆ ಗುರಿಮಾಡಿದ್ದನ್ನು ಏರುದನಿಯಿಲ್ಲದೆ ಹೇಳುತ್ತಾರೆ. ಅವರ ಮಾತು ಮುಗಿದ ಮೇಲೆ ಪಕ್ಕದಲ್ಲಿರುವ ವ್ಯಕ್ತಿ ಕಾಣಿಸಿಕೊಂಡು, ತಾನೂ ‘ಬೇಡ’ ಎಂದು ಮತ ಹಾಕುವುದಾಗಿಯೂ ಈಕೆ ತನ್ನ ತಾಯಿಯೆಂದೂ ತಿಳಿಸುತ್ತಾನೆ. ಆ ವ್ಯಕ್ತಿ ದೇಶದ ಅತ್ಯಂತ ಜನಪ್ರಿಯ ಫುಟ್‌ಬಾಲ್ ಆಟಗಾರರಲ್ಲಿ ಒಬ್ಬರಾದ ಕಾರ್ಲೋಸ್ ಕಾಸ್ಸೆಲಿ, ತಾಯಿ ಓಲ್ಗಾ ಗರಿದೊ. ಕೆಲವೇ ಕ್ಷಣಗಳ ಈ ತುಣುಕು ಮುಂದೆ ಧಾರಾವಾಹಿಗಳು ಅನುಸರಿಸಿದ ಕ್ರಮವನ್ನು ಮೊದಲೇ ತೋರಿಸಿಕೊಟ್ಟಿತು: ಅಪರಿಚಿತರ ನೋವನ್ನು ಸುದ್ದಿಯಾಗಿ ಹೇಳುವ ಬದಲು, ಪ್ರತಿ ಮನೆಯೂ ತನ್ನವನೆಂದು ಬಗೆದವನ ಮನೆಯೊಳಗಿನ ಗುಟ್ಟಾಗಿ ತೋರಿಸುವುದು. ಅದೇ ಸೆಪ್ಟೆಂಬರ್‌ನಲ್ಲಿ ಚಿತ್ರಹಿಂಸೆಯ ಬಗ್ಗೆ ನ್ಯಾಯಾಧೀಶರೊಬ್ಬರ ಹೇಳಿಕೆಯಿದ್ದ ಕಂತನ್ನು ಅಧಿಕಾರಿಗಳು ತಡೆಹಿಡಿದರು. ನ್ಯಾಯಾಧೀಶರ ಮಾತಿಗೆ ತಡೆಯೊಡ್ಡಿದ ಪರದೆಯಲ್ಲಿ ತಾಯಿಯ ಮಾತು ದಾಟಿ ಹೋಯಿತು. ಜನಮತಗಣನೆಯಲ್ಲಿ ‘ಬೇಡ’ ಪಕ್ಷ ಸುಮಾರು ಶೇ. 56 ಮತ ಪಡೆದು ಗೆದ್ದಿತು.

ಆದರೆ ಪ್ರಜಾಪ್ರಭುತ್ವ ಮರಳಿದೊಡನೆ ಕಿರುತೆರೆ ಮಾತಾಡತೊಡಗಲಿಲ್ಲ. 1991ರ ಮಾರ್ಚ್‌ನಲ್ಲಿ ಅಧ್ಯಕ್ಷ ಪತ್ರೀಸಿಯೊ ಐಲ್ವಿನ್, ವಕೀಲ ರಾವುಲ್ ರೆಟ್ಟಿಗ್ ನೇತೃತ್ವದ ಸತ್ಯಶೋಧನಾ ಆಯೋಗದ ವರದಿಯನ್ನು ಟೆಲಿವಿಷನ್‌ನಲ್ಲಿ ದೇಶದ ಮುಂದಿಟ್ಟು, ರಾಜ್ಯದ ಪರವಾಗಿ ಸಂತ್ರಸ್ತರ ಕುಟುಂಬಗಳ ಕ್ಷಮೆಯನ್ನು ಗದ್ಗದಿತರಾಗಿ ಯಾಚಿಸಿದರು. ಆ ವರದಿ 2,279 ಸಾವು ಮತ್ತು ಕಣ್ಮರೆಗಳನ್ನು ದೃಢಪಡಿಸಿತ್ತು. ಅದೊಂದು ಸಂಜೆಯನ್ನು ಬಿಟ್ಟರೆ ದಶಕದುದ್ದಕ್ಕೂ ಎಚ್ಚರಿಕೆಯೇ ಮೇಲುಗೈಯಾಗಿತ್ತು, ಅದಕ್ಕೆ ಕಾರಣಗಳೂ ಇದ್ದವು: ಪಿನೊಚೆ 1998ರವರೆಗೆ ಸೇನಾ ದಂಡನಾಯಕನಾಗಿಯೇ ಉಳಿದಿದ್ದ, 1978ರಲ್ಲಿ ಸೇನೆ ತನಗೆ ತಾನೇ ಕೊಟ್ಟುಕೊಂಡಿದ್ದ ಕ್ಷಮಾದಾನದ ಆಜ್ಞೆ ಜಾರಿಯಲ್ಲಿತ್ತು, 1992ರ ಕಾನೂನಿನಂತೆ ಟಿವಿಎನ್‌ನ ಆಡಳಿತ ಮಂಡಳಿ ರಾಜಕೀಯ ಪಕ್ಷಗಳ ನಡುವೆ ಸಮತೋಲ ಕಾಯ್ದುಕೊಂಡು ಜಾಹೀರಾತಿನ ಹಣದಿಂದಲೇ ವಾಹಿನಿಯನ್ನು ನಡೆಸಬೇಕಿತ್ತು. ಹಾಗಾಗಿ ಯಾರನ್ನೂ ಕೆಣಕದಿರುವುದೇ ವಾಹಿನಿಗೆ ನೀತಿಯೂ ವ್ಯಾಪಾರವೂ ಆಯಿತು. ಅಯೆಂದೆ ಸರ್ಕಾರದ ಕೊನೆಯ ತಿಂಗಳುಗಳನ್ನು ದಾಖಲಿಸಿದ, ಜಗತ್ತಿನಾದ್ಯಂತ ಹೆಸರಾದ ಪತ್ರೀಸಿಯೊ ಗುಸ್ಮಾನ್ ಅವರ ‘ಚಿಲಿಯ ಕದನ’ ಎಂಬ ಸಾಕ್ಷ್ಯಚಿತ್ರ 1970ರ ದಶಕದಲ್ಲೇ ಸಿದ್ಧವಾಗಿದ್ದರೂ ಚಿಲಿಯ ಮುಕ್ತ ಪ್ರಸಾರದ ಟೆಲಿವಿಷನ್‌ನಲ್ಲಿ ಅದು ಕಾಣಿಸಿಕೊಂಡದ್ದು 2021ರಲ್ಲಿ. 1998ರ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ ಪಿನೊಚೆಯ ಬಂಧನ, 2003ರಲ್ಲಿ ಕ್ಷಿಪ್ರಕ್ರಾಂತಿಯ ಮೂವತ್ತನೆಯ ವರ್ಷಾಚರಣೆ, 2004ರಲ್ಲಿ ಚಿತ್ರಹಿಂಸೆಯ ಕುರಿತ ಬಿಷಪ್ ಸೆರ್ಜಿಯೊ ವಲೆಕ್ ಆಯೋಗದ ವರದಿ, 2006ರ ಡಿಸೆಂಬರ್‌ನಲ್ಲಿ ಪಿನೊಚೆಯ ಸಾವು, ಇವು ಒಂದೊಂದಾಗಿ ಈ ಹೆಪ್ಪುಗಟ್ಟಿದ ಮೌನವನ್ನು ಸಡಿಲಿಸಿದವು.

ಕಥನದ ಮಾದರಿ ಸಿಕ್ಕಿದ್ದು ಸ್ಪೇನಿನಿಂದ. ಜನರಲ್ ಫ್ರಾಂಕೊನ ದೀರ್ಘ ಸರ್ವಾಧಿಕಾರ ಕಂಡ ಆ ದೇಶದ ಸರ್ಕಾರಿ ವಾಹಿನಿ 2001ರಲ್ಲಿ ಆರಂಭಿಸಿ 2023ರವರೆಗೂ ನಡೆಸಿದ ‘ಕ್ವೆಂತಾಮೆ ಕೊಮೊ ಪಾಸೊ’, ಅಂದರೆ ‘ಹೇಗಾಯಿತು ಹೇಳು’ ಎಂಬ ಧಾರಾವಾಹಿ ಅಲ್ಕಾಂತರಾ ಎಂಬ ಕೆಳಮಧ್ಯಮ ವರ್ಗದ ಕುಟುಂಬದ ಕಣ್ಣಿನಿಂದ 1968ರ ನಂತರದ ಸ್ಪೇನನ್ನು ವರ್ಷವರ್ಷವಾಗಿ ನಿರೂಪಿಸಿತು. ಇತಿಹಾಸವನ್ನು ನಾಯಕರಿಂದ ಬಿಡಿಸಿ ಅಡುಗೆಮನೆಗೆ ತಂದ ಈ ಕ್ರಮವನ್ನು ಚಿಲಿಯ ನಿರ್ಮಾಪಕರು ತಮ್ಮ ನೆಲಕ್ಕೆ ಒಗ್ಗಿಸಿಕೊಂಡರು. ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ 2010 ಹತ್ತಿರವಾಗುತ್ತಿದ್ದಂತೆ, ವಾಹಿನಿಗಳು ಸ್ವಂತ ಬಂಡವಾಳದಲ್ಲಿ ಕೈಹಾಕದ ಐತಿಹಾಸಿಕ ಕಥನಗಳಿಗೆ ರಾಷ್ಟ್ರೀಯ ಟೆಲಿವಿಷನ್ ಮಂಡಳಿಯ ಸಾರ್ವಜನಿಕ ನಿಧಿ ನೆರವಾಯಿತು. ಹೀಗೆ 2008ರ ಅಕ್ಟೋಬರ್‌ನಲ್ಲಿ ಕ್ಯಾನಲ್ 13ರಲ್ಲಿ ‘ಲೋಸ್ ಒಚೆಂತಾ’, ಅಂದರೆ ‘ಎಂಬತ್ತರ ದಶಕ’ ಎಂಬ ವಾರಕ್ಕೊಂದು ಕಂತಿನ ಧಾರಾವಾಹಿ ಮೊದಲಾಯಿತು. ಚಲನಚಿತ್ರ ನಿರ್ದೇಶಕ ಆಂದ್ರೆಸ್ ವುಡ್ ಅವರ ಸಂಸ್ಥೆ ಅದನ್ನು ನಿರ್ಮಿಸಿತು, ರೊದ್ರಿಗೊ ಕ್ವೆವಾಸ್ ಬರೆದರು, ಬೋರಿಸ್ ಕೆರ್ಸಿಯಾ ಆರಂಭದ ಆವೃತ್ತಿಗಳನ್ನು ನಿರ್ದೇಶಿಸಿದರು. ಏಳು ಆವೃತ್ತಿಗಳನ್ನು ಕಂಡು 2014ರಲ್ಲಿ ಅದು ಮುಗಿಯಿತು.

ಕಥೆ 1982ರಲ್ಲಿ, ಸ್ಪೇನಿನಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆಯುವ ಹೊತ್ತಿಗೆ ತೆರೆದುಕೊಳ್ಳುತ್ತದೆ. ಬಟ್ಟೆ ಕಾರ್ಖಾನೆಯ ನೌಕರ ಹ್ವಾನ್ ಎರೆರಾ, ಅವನ ಹೆಂಡತಿ ಆನಾ, ಮತ್ತು ಅವರ ಮಕ್ಕಳು ಇರುವುದು ಸಾಂಟಿಯಾಗೊದ ಒಂದು ಸಾಧಾರಣ ಬಡಾವಣೆಯಲ್ಲಿ. ಆ ಪಂದ್ಯಾವಳಿಯಲ್ಲಿ ಆಸ್ಟ್ರಿಯಾದ ವಿರುದ್ಧ ಕಾಸ್ಸೆಲಿ ಪೆನಾಲ್ಟಿ ಒದೆತವನ್ನು ಗುರಿ ತಪ್ಪಿಸಿ ಚಿಲಿ ಸೋತದ್ದು ದೇಶಕ್ಕೆ ದೇಶವೇ ನೆನಪಿಟ್ಟುಕೊಂಡ ಸಂಗತಿ. ಅದೇ ವರ್ಷ ಬ್ಯಾಂಕುಗಳು ಕುಸಿದು, ಕಾರ್ಖಾನೆಗಳು ಮುಚ್ಚಿ, ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡದ್ದನ್ನು ಎರೆರಾ ಕುಟುಂಬ ತನ್ನ ಮೈಮೇಲೆಯೇ ಅನುಭವಿಸುತ್ತದೆ. ಹ್ವಾನ್‌ನ ಕೆಲಸ ಹೋಗುತ್ತದೆ, ಆನಾ ದುಡಿಯಲು ಹೊರಗೆ ಹೊರಡುತ್ತಾಳೆ, ಗಂಡಸಿನ ಅಭಿಮಾನ ಮುರಿಯುತ್ತದೆ. ರಾಜಕೀಯದ ಗೊಡವೆಗೆ ಹೋಗದಿದ್ದರೆ ಮನೆ ಉಳಿಯುತ್ತದೆ ಎಂಬುದು ತಂದೆಯ ನಂಬಿಕೆ. ಆದರೆ ವಿಶ್ವವಿದ್ಯಾಲಯಕ್ಕೆ ಹೋದ ಹಿರಿಯ ಮಗಳು ಕ್ಲೌದಿಯಾ, ಪಿನೊಚೆಯ ವಿರುದ್ಧ ಆಯುಧ ಎತ್ತಿದ ಮಾನ್ವೆಲ್ ರೊದ್ರಿಗೆಸ್ ದೇಶಭಕ್ತ ರಂಗ ಎಂಬ ಸಂಘಟನೆಯ ಯುವಕನನ್ನು ಪ್ರೀತಿಸಿ ತಲೆಮರೆಸಿಕೊಳ್ಳಬೇಕಾಗಿ ಬಂದಾಗ ಆ ನಂಬಿಕೆ ನೆಲಕಚ್ಚುತ್ತದೆ. ನೆರೆಯ ಅಂಗಡಿಯ ಡಾನ್ ಹೆನಾರೊ ಸೇನಾ ಆಳ್ವಿಕೆಯ ಕಟ್ಟಾ ಬೆಂಬಲಿಗನಾಗಿದ್ದೂ ಕೆಟ್ಟವನಲ್ಲ. ಉದ್ದರಿ ಕೊಡುತ್ತಾನೆ, ಕಷ್ಟಸುಖ ವಿಚಾರಿಸುತ್ತಾನೆ, ಜನರಲ್ ಇಲ್ಲದಿದ್ದರೆ ದೇಶ ಹಾಳಾಗುತ್ತಿತ್ತು ಎಂದೂ ಹೇಳುತ್ತಾನೆ. ಇಂಥ ನೆರೆಯವನನ್ನು ಚಿಲಿಯ ಪ್ರತಿ ಬೀದಿಯೂ ಬಲ್ಲುದರಿಂದ ಆ ಪಾತ್ರ ವ್ಯಂಗ್ಯಚಿತ್ರವಾಗದೆ ಉಳಿಯಿತು.

ಈ ಧಾರಾವಾಹಿಯ ನಿಜವಾದ ಕೌಶಲ ಅದು ಟೀವಿ ಪೆಟ್ಟಿಗೆಯನ್ನು ಬಳಸಿದ ರೀತಿಯಲ್ಲಿದೆ. ಎರೆರಾ ಮನೆಯ ನಡುಮನೆಯಲ್ಲಿ ಟೀವಿ ಸದಾ ಉರಿಯುತ್ತಿರುತ್ತದೆ, ಮತ್ತು ಅದರಲ್ಲಿ ಮೂಡುವುದು ಬಹುಪಾಲು ಆ ಕಾಲದ ನಿಜವಾದ ತುಣುಕುಗಳು: ಪಂದ್ಯಗಳು, ಜಾಹೀರಾತುಗಳು, ಅಧಿಕೃತ ಸುದ್ದಿ. ಮನೆಯವರು ಆ ಸುದ್ದಿಯನ್ನು ಅರೆಮನಸ್ಸಿನಿಂದ ನೋಡುತ್ತ ಊಟ ಮಾಡುತ್ತಾರೆ, ಹೊರಗೆ ಪಾತ್ರೆ ಬಡಿಯುವ ಸದ್ದು ಕೇಳಿದರೆ ಕಿಟಕಿ ಮುಚ್ಚುತ್ತಾರೆ. 1983ರ ಮೇ 11ರ ರಾಷ್ಟ್ರೀಯ ಪ್ರತಿಭಟನೆಯಿಂದ ಮೊದಲುಗೊಂಡು ಖಾಲಿ ಪಾತ್ರೆಗಳನ್ನು ಬಡಿದು ಕತ್ತಲಲ್ಲಿ ವಿರೋಧ ಸೂಚಿಸುವುದು ಸೇನಾ ಆಳ್ವಿಕೆಯ ವಿರುದ್ಧದ ಚಳವಳಿಯ ರೂಢಿಯಾಗಿತ್ತು. 2008ರ ನೋಡುಗ ಹೀಗೆ ಒಂದು ಕುಟುಂಬ ಟೀವಿ ನೋಡುವುದನ್ನು ತಾನು ಟೀವಿಯಲ್ಲಿ ನೋಡುತ್ತಾನೆ. ಕಾಣದಂತೆ ಮಾಡುವ ಕೆಲಸ ಹೇಗೆ ನಡೆಯಿತು, ಅದರಲ್ಲಿ ಮನೆಯವರ ಪಾಲೆಷ್ಟು ಎಂಬುದು ಬೋಧನೆಯಿಲ್ಲದೆ ಅವನಿಗೆ ಮನವರಿಕೆಯಾಗುತ್ತದೆ. ಒಂದು ಕಾಲದಲ್ಲಿ ಪ್ರಚಾರಕ್ಕೆಂದು ತೆಗೆದ ಚಿತ್ರಗಳು ಇಲ್ಲಿ ಆ ಪ್ರಚಾರದ ವಿರುದ್ಧವೇ ಸಾಕ್ಷಿ ನುಡಿಯುತ್ತವೆ.

ವಾರಾಂತ್ಯದ ರಾತ್ರಿ ಮೂರು ತಲೆಮಾರುಗಳು ಒಟ್ಟಿಗೆ ಕುಳಿತು ನೋಡುವ ಹೊತ್ತಿನಲ್ಲಿ ಇದು ಪ್ರಸಾರವಾದದ್ದೂ ಮುಖ್ಯ. 1990ರ ನಂತರ ಹುಟ್ಟಿದ ಮಕ್ಕಳಿಗೆ ಕರ್ಫ್ಯೂ ಎಂದರೇನು, ಅಪ್ಪನ ಅಣ್ಣ ಏಕೆ ಸ್ವೀಡನ್ನಿನಲ್ಲಿದ್ದಾನೆ, ಅಜ್ಜಿ ಏಕೆ ಪೊಲೀಸರನ್ನು ಕಂಡರೆ ಬೀದಿ ದಾಟುತ್ತಾಳೆ ಎಂಬ ಪ್ರಶ್ನೆಗಳನ್ನು ಕೇಳಲು ನೆಪ ಬೇಕಿತ್ತು. ಪಾತ್ರಗಳ ನೆಪದಲ್ಲಿ ಹಿರಿಯರು ತಮ್ಮ ಮಾತು ಆಡಬಹುದಾಗಿತ್ತು. ಆಯೋಗದ ವರದಿ ಓದುಗನನ್ನು ನಾಗರಿಕನೆಂದು ಸಂಬೋಧಿಸುತ್ತದೆ, ಧಾರಾವಾಹಿ ಅವನನ್ನು ಮಗನೆಂದೋ ಸೊಸೆಯೆಂದೋ ಸಂಬೋಧಿಸುತ್ತದೆ. ನೆನಪು ತಲೆಮಾರಿನಿಂದ ತಲೆಮಾರಿಗೆ ದಾಟುವುದು ಬಹುಮಟ್ಟಿಗೆ ಈ ಎರಡನೆಯ ದಾರಿಯಲ್ಲಿ.

ಕೌಟುಂಬಿಕ ಕಥನ ಹೇಳದೆ ಬಿಟ್ಟದ್ದನ್ನು ಹೇಳಲು 2011ರ ಜುಲೈನಲ್ಲಿ ಸರ್ಕಾರಿ ವಾಹಿನಿಯೇ ಮುಂದಾಯಿತು. ಹೊಸೆಫೀನಾ ಫೆರ್ನಾಂದೆಸ್ ಅವರ ಪರಿಕಲ್ಪನೆಯಲ್ಲಿ, ನಿಕೊಲಾಸ್ ಅಕುನ್ಯಾ ಅವರ ನಿರ್ದೇಶನದಲ್ಲಿ ಟಿವಿಎನ್ ಪ್ರಸಾರ ಮಾಡಿದ ‘ಲೋಸ್ ಆರ್ಚಿವೋಸ್ ದೆಲ್ ಕಾರ್ದೆನಾಲ್’, ಅಂದರೆ ‘ಕಾರ್ಡಿನಲ್‌ರ ಕಡತಗಳು’, ವಿಕಾರಿಯಾ ದೆ ಲಾ ಸೊಲಿದಾರಿದಾದ್ ಎಂಬ ಸಂಸ್ಥೆಯ ಕೆಲಸವನ್ನು ಆಧರಿಸಿತ್ತು. ಬಂಧಿತರ ಕುಟುಂಬಗಳಿಗೆ ನೆರವಾಗುತ್ತಿದ್ದ, ಹಲವು ಚರ್ಚುಗಳು ಸೇರಿ ನಡೆಸುತ್ತಿದ್ದ ಸಮಿತಿಯನ್ನು ಪಿನೊಚೆ 1975ರ ಕೊನೆಗೆ ಮುಚ್ಚಿಸಿದಾಗ, ಸಾಂಟಿಯಾಗೊದ ಆರ್ಚ್‌ಬಿಷಪ್ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್ 1976ರ ಜನವರಿಯಲ್ಲಿ ಅದೇ ಕೆಲಸವನ್ನು ನೇರವಾಗಿ ತಮ್ಮ ಧರ್ಮಪ್ರಾಂತ್ಯದ ಆಶ್ರಯಕ್ಕೆ ತಂದು ಈ ಸಂಸ್ಥೆಯನ್ನು ಸ್ಥಾಪಿಸಿದರು. ಕ್ಯಾಥೊಲಿಕ್ ಬಹುಸಂಖ್ಯಾತ ದೇಶದಲ್ಲಿ ಅದನ್ನು ಮುಚ್ಚಿಸುವುದು ಸೇನೆಗೂ ಸುಲಭವಿರಲಿಲ್ಲ. ವಕೀಲರು, ವೈದ್ಯರು, ಸಮಾಜ ಕಾರ್ಯಕರ್ತರು ಅಲ್ಲಿ ಕುಳಿತು ಪ್ರತಿ ಬಂಧನದ ದಿನ, ಸ್ಥಳ, ಸಾಕ್ಷಿಗಳ ಹೇಳಿಕೆಯನ್ನು ಬರೆದುಕೊಂಡು ನ್ಯಾಯಾಲಯಗಳಿಗೆ ಸಾವಿರಾರು ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧಿತನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂಬ ಮನವಿಗಳನ್ನು ಸಲ್ಲಿಸಿದರು. ಆ ಅರ್ಜಿಗಳಲ್ಲಿ ಬಹುತೇಕ ತಿರಸ್ಕೃತವಾದರೂ ಅವುಗಳ ಪ್ರತಿಗಳು ಉಳಿದವು. ಮುಂದೆ ರೆಟ್ಟಿಗ್ ಆಯೋಗಕ್ಕೂ ನ್ಯಾಯಾಲಯಗಳಿಗೂ ಆಧಾರವಾದದ್ದು ಅವೇ.

ಲೊಂಕೆನ್ ಎಂಬ ಹಳ್ಳಿಯ ಪಾಳುಬಿದ್ದ ಸುಣ್ಣದ ಗೂಡುಗಳ ಪ್ರಕರಣ ಈ ಧಾರಾವಾಹಿ ಎತ್ತಿಕೊಂಡ ನಿಜ ಘಟನೆಗಳಲ್ಲಿ ಒಂದು. ಸಾಂಟಿಯಾಗೊದ ನೈಋತ್ಯಕ್ಕಿರುವ ಆ ಗೂಡುಗಳಲ್ಲಿ ಮನುಷ್ಯರ ಅವಶೇಷಗಳಿವೆ ಎಂಬ ಸುಳಿವು ವಿಕಾರಿಯಾಕ್ಕೆ ಸಿಕ್ಕಾಗ, 1978ರ ನವೆಂಬರ್ ಕೊನೆಯಲ್ಲಿ ಬಿಷಪ್, ವಕೀಲರು ಮತ್ತು ಪತ್ರಿಕಾ ಸಂಪಾದಕರನ್ನೊಳಗೊಂಡ ತಂಡ ಸ್ಥಳಕ್ಕೆ ಹೋಗಿ ಅದನ್ನು ದೃಢಪಡಿಸಿಕೊಂಡು ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷರಿಗೆ ದೂರು ಕೊಟ್ಟಿತು. ಅವಶೇಷಗಳು 1973ರ ಅಕ್ಟೋಬರ್ 7ರಂದು ಇಸ್ಲಾ ದೆ ಮೈಪೊ ಎಂಬ ಊರಿನಲ್ಲಿ ಪೊಲೀಸರು ಹಿಡಿದೊಯ್ದ 15 ಮಂದಿಯವು; ಅವರಲ್ಲಿ ಒಂದೇ ಮನೆಯ ತಂದೆ ಮತ್ತು ನಾಲ್ವರು ಗಂಡುಮಕ್ಕಳಿದ್ದರು. ಆವರೆಗೆ ಕಣ್ಮರೆಯಾದವರು ವಿದೇಶಕ್ಕೆ ಓಡಿಹೋಗಿದ್ದಾರೆಂದೋ ಅವರು ಹುಟ್ಟಿಯೇ ಇರಲಿಲ್ಲವೆಂದೋ ವಾದಿಸುತ್ತಿದ್ದ ಆಡಳಿತಕ್ಕೆ ಇದು ಮೊದಲ ನಿರಾಕರಿಸಲಾಗದ ಪುರಾವೆಯಾಯಿತು. ಆದರೂ ಆರೋಪಿಗಳಿಗೆ ಕ್ಷಮಾದಾನದ ಆಜ್ಞೆಯ ರಕ್ಷಣೆ ಸಿಕ್ಕಿತು, ಅಂತ್ಯಕ್ರಿಯೆಗೆಂದು ಕಾದಿದ್ದ ಕುಟುಂಬಗಳಿಗೆ ದೇಹಗಳನ್ನು ಕೊಡದೆ ಸಾಮೂಹಿಕ ಗುಂಡಿಗೆ ಹಾಕಲಾಯಿತು, ಮತ್ತು ಜನ ಯಾತ್ರೆಯಂತೆ ಹೋಗತೊಡಗಿದ್ದ ಆ ಗೂಡುಗಳನ್ನು ಸಿಡಿಸಿ ನೆಲಸಮ ಮಾಡಲಾಯಿತು. 1978ರಲ್ಲಿ ಈ ಸಂಗತಿಯನ್ನು ಮುಚ್ಚಿಡಲು ಯತ್ನಿಸಿದ ರಾಜ್ಯದ್ದೇ ಆದ ವಾಹಿನಿ 2011ರಲ್ಲಿ ಅದನ್ನು ಮುಖ್ಯ ಪ್ರಸಾರ ವೇಳೆಯಲ್ಲಿ ತೋರಿಸಿದ್ದು ಸಣ್ಣ ಬದಲಾವಣೆಯಲ್ಲ.

ಕಥನದ ತಂತ್ರದಲ್ಲಿ ಇದು ಪತ್ತೇದಾರಿ ಧಾರಾವಾಹಿ. ಬೆಂಹಮೀನ್ ವಿಕುನ್ಯಾ ಅಭಿನಯಿಸಿದ ತರುಣ ವಕೀಲ ರಾಮೋನ್ ಸರ್ಮಿಯೆಂತೊ ಅನುಕೂಲಸ್ಥ ವರ್ಗದಿಂದ ಬಂದು, ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯಲಾರದೆ ವಿಕಾರಿಯಾಕ್ಕೆ ಸೇರುತ್ತಾನೆ. ದನಿಯೆಲಾ ರಾಮಿರೆಸ್ ಅಭಿನಯಿಸಿದ ಸಮಾಜ ಕಾರ್ಯಕರ್ತೆ ಲೌರಾ ಅವನಿಗೆ ಈ ಲೋಕದ ಪರಿಚಯ ಮಾಡಿಸುತ್ತಾಳೆ. ಏನನ್ನೂ ಅರಿಯದವನೊಬ್ಬ ಅರಿಯುತ್ತ ಹೋಗುವ ಈ ದಾರಿಯಲ್ಲಿ, ಕುಟುಂಬದ ಹಿನ್ನೆಲೆಯಿಂದ ಸೇನೆಯ ಪರವಾಗಿದ್ದ ಪ್ರೇಕ್ಷಕನೂ ಹೆಜ್ಜೆ ಹಾಕಬಹುದಾಗಿತ್ತು. ಪ್ರಸಾರದ ಕಾಲವೂ ಸೂಕ್ಷ್ಮವಾಗಿತ್ತು: ಸರ್ವಾಧಿಕಾರದ ನಂತರ ಮೊದಲ ಬಾರಿಗೆ ಬಲಪಂಥೀಯ ಮೈತ್ರಿಕೂಟ 2010ರಲ್ಲಿ ಅಧಿಕಾರಕ್ಕೆ ಬಂದಿತ್ತು, ಬೀದಿಗಳಲ್ಲಿ ವಿದ್ಯಾರ್ಥಿ ಚಳವಳಿ ಭುಗಿಲೆದ್ದು ಪಾತ್ರೆ ಬಡಿಯುವ ಸದ್ದು ಮತ್ತೆ ಕೇಳತೊಡಗಿತ್ತು. ಎಲ್ಲರ ವಾಹಿನಿ ಒಂದು ಪಕ್ಷದ ಇತಿಹಾಸ ಹೇಳುತ್ತಿದೆ ಎಂದು ಆಳುವ ಮೈತ್ರಿಕೂಟದ ನಾಯಕರು ಆಕ್ಷೇಪಿಸಿದರು. ಆ ಆಕ್ಷೇಪಕ್ಕೆ ಸಿಕ್ಕ ಉತ್ತರವೂ ಗಮನಾರ್ಹ: ದಿಯೆಗೊ ಪೊರ್ತಾಲೆಸ್ ವಿಶ್ವವಿದ್ಯಾಲಯದ ಪತ್ರಕರ್ತರ ತಂಡವೊಂದು ಕಂತುಗಳ ಹಿಂದಿರುವ ನಿಜ ಪ್ರಕರಣಗಳನ್ನು ನ್ಯಾಯಾಲಯದ ದಾಖಲೆಗಳ ಸಮೇತ ಬರೆದು ಪ್ರಕಟಿಸಿ, ಅದೇ ವರ್ಷ ಪುಸ್ತಕವಾಗಿ ಹೊರತಂದಿತು. ಕಲ್ಪನೆ ಎಲ್ಲಿ ನಿಲ್ಲುತ್ತದೆ, ದಾಖಲೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಪ್ರೇಕ್ಷಕ ತಾನೇ ಪರೀಕ್ಷಿಸಿಕೊಳ್ಳಬಹುದಾಯಿತು.

ಕ್ಷಿಪ್ರಕ್ರಾಂತಿಯ ನಲವತ್ತನೆಯ ವರ್ಷವಾದ 2013ರಲ್ಲಿ ಈ ಅಲೆ ತುತ್ತತುದಿ ಮುಟ್ಟಿತು. ಖಾಸಗಿ ವಾಹಿನಿಯಾದ ಚಿಲೆವಿಸಿಯೋನ್, ತೆಲೆಅನಾಲಿಸಿಸ್‌ನಂಥ ಬಳಗಗಳು ಉಳಿಸಿದ್ದ ಹಳೆಯ ದೃಶ್ಯಗಳನ್ನು ‘ಚಿಲಿ, ನಿಷೇಧಿತ ಚಿತ್ರಗಳು’ ಎಂಬ ಸಾಕ್ಷ್ಯಚಿತ್ರ ಸರಣಿಯಲ್ಲಿ ಬಿತ್ತರಿಸಿತು. ಜೊತೆಗೆ ಆಂದ್ರೆಸ್ ವುಡ್ ನಿರ್ದೇಶನದ ‘ಮರುಭೂಮಿಯ ಪ್ರತಿಧ್ವನಿಗಳು’ ಎಂಬ ಕಿರುಸರಣಿಯನ್ನೂ ತೋರಿಸಿತು. 1973ರ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್‌ನಲ್ಲಿ ಊರೂರಿಗೆ ಹೋಗಿ ಕೈದಿಗಳನ್ನು ಕೊಂದ ‘ಸಾವಿನ ಕಾರವಾನ್’ ಎಂಬ ಸೇನಾ ತಂಡ ಉತ್ತರದ ಕಲಾಮಾ ನಗರದಲ್ಲಿ ಹತ್ಯೆಗೈದ ಪತ್ರಕರ್ತ ಕಾರ್ಲೋಸ್ ಬೆರ್ಗರ್ ಅವರ ಪತ್ನಿ, ವಕೀಲೆ ಕಾರ್ಮೆನ್ ಎರ್ಟ್ಸ್ ನಡೆಸಿದ ದಶಕಗಳ ಹೋರಾಟ ಅದರ ವಸ್ತು. ಅದೇ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರ ಸಂಘ, ಸರ್ವಾಧಿಕಾರದ ಕಾಲದಲ್ಲಿ ಸಂತ್ರಸ್ತರನ್ನು ರಕ್ಷಿಸದ ನ್ಯಾಯಾಂಗದ ಪರವಾಗಿ ಕ್ಷಮೆ ಕೇಳಿತು. ಬಲಪಂಥೀಯ ಅಧ್ಯಕ್ಷ ಸೆಬಾಸ್ತಿಯಾನ್ ಪಿನ್ಯೆರಾ ಅಂದಿನ ಅನಾಚಾರಗಳಲ್ಲಿ ಸುಮ್ಮನಿದ್ದು ಪಾಲುದಾರರಾದವರೂ ಇದ್ದರೆಂದು ಬಹಿರಂಗವಾಗಿ ಹೇಳಿ ತಮ್ಮ ಪಾಳೆಯದಲ್ಲೇ ಕೋಪ ಎಬ್ಬಿಸಿದರು. ಧಾರಾವಾಹಿಗಳೇ ಈ ಹೇಳಿಕೆಗಳನ್ನು ಹೊರಡಿಸಿದವೆನ್ನುವುದು ಅತಿಶಯೋಕ್ತಿಯಾದೀತು; ಆದರೆ ಸುಮ್ಮನಿದ್ದವರ ಪಾಲನ್ನು ಐದು ವರ್ಷಗಳಿಂದ ವಾರವಾರವೂ ಮನೆಮನೆಯಲ್ಲಿ ಚರ್ಚೆಗೆ ತಂದಿದ್ದವು ಅವೇ ಎಂಬುದನ್ನು ಮರೆಯುವಂತಿಲ್ಲ.

ಈ ಸಾಧನೆಗೆ ಮಿತಿಗಳೂ ಇದ್ದವು, ಮತ್ತು ಅವು ಧಾರಾವಾಹಿಯ ಪ್ರಕಾರದಲ್ಲೇ ಹುದುಗಿದ್ದವು. ಕುಟುಂಬವನ್ನು ಕೇಂದ್ರದಲ್ಲಿಟ್ಟ ಕಥನ ಸರ್ವಾಧಿಕಾರವನ್ನು ಹೊರಗಿನಿಂದ ಬಂದೆರಗಿದ ವಿಪತ್ತಾಗಿ ತೋರಿಸುವ ಕಡೆಗೆ ವಾಲುತ್ತದೆ. 1982ರಲ್ಲಿ ಮೊದಲಾಗುವ ಕಥೆಗೆ 1970ರಿಂದ 1973ರವರೆಗಿನ ಅಯೆಂದೆ ಸರ್ಕಾರದ ಪ್ರಯೋಗ, ಅದಕ್ಕೆ ಬಂದ ವಿರೋಧ, ಅಮೆರಿಕದ ಹಸ್ತಕ್ಷೇಪ, ಕ್ಷಿಪ್ರಕ್ರಾಂತಿಯನ್ನು ಬಯಸಿದ ವರ್ಗಗಳ ಹಿತಾಸಕ್ತಿ ಇವೆಲ್ಲ ಹೊರಗುಳಿಯುತ್ತವೆ. ಹೀಗಾಗಿ ನೋವು ಕಾಣುತ್ತದೆ, ಅದರ ಕಾರಣ ಮಸುಕಾಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ಅರ್ಥಶಾಸ್ತ್ರಜ್ಞರು ಸೇನೆಯ ನೆರಳಿನಲ್ಲಿ ಜಾರಿಗೆ ತಂದ, ಪಿಂಚಣಿ, ಆರೋಗ್ಯ, ಶಿಕ್ಷಣ, ನೀರನ್ನೂ ಮಾರುಕಟ್ಟೆಗೆ ಒಪ್ಪಿಸಿದ ವ್ಯವಸ್ಥೆ 1990ರ ನಂತರವೂ ಮುಂದುವರಿದಿತ್ತು. ಅದೇ ವ್ಯವಸ್ಥೆಯ ಜಾಹೀರಾತುಗಳಿಂದ ಬದುಕುವ ವಾಹಿನಿಗಳಿಗೆ ಚಿತ್ರಹಿಂಸೆಯನ್ನು ಖಂಡಿಸುವುದಕ್ಕಿಂತ ಈ ಮುಂದುವರಿಕೆಯನ್ನು ಪ್ರಶ್ನಿಸುವುದು ಕಠಿಣವಾಗಿತ್ತು. ಇನ್ನು ಹಳೆಯ ಹಾಡು, ಹಳೆಯ ಬಟ್ಟೆ, ಹಳೆಯ ತಿನಿಸಿನ ಪೊಟ್ಟಣಗಳನ್ನು ಅಕ್ಕರೆಯಿಂದ ಮರುಸೃಷ್ಟಿಸುವ ಧಾರಾವಾಹಿ, ಭಯದ ದಶಕವನ್ನು ಬಾಲ್ಯದ ಹಂಬಲದ ದಶಕವನ್ನಾಗಿಯೂ ಮಾಡಬಲ್ಲದು. ‘ಲೋಸ್ ಒಚೆಂತಾ’ವನ್ನು ಎಡಪಂಥೀಯರೂ ಬಲಪಂಥೀಯರೂ ಒಟ್ಟಿಗೆ ಮೆಚ್ಚಲು ಸಾಧ್ಯವಾದದ್ದಕ್ಕೆ ಈ ಹಂಬಲವೂ ಒಂದು ಕಾರಣ. ಈ ಸಾಮಾನ್ಯ ಮೆಚ್ಚುಗೆಯೇ ಅದರ ಶಕ್ತಿ, ಅದರ ಮಿತಿಯೂ ಅದೇ.

ಮುಂದಿನ ದಶಕ ಈ ಮಿತಿಯನ್ನು ಕಠೋರವಾಗಿ ಪರೀಕ್ಷೆಗೊಡ್ಡಿತು. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ದರ ಏರಿಕೆಯ ವಿರುದ್ಧ ಎದ್ದ ಪ್ರತಿಭಟನೆ ದೇಶವ್ಯಾಪಿ ದಂಗೆಯಾದಾಗ, ಸರ್ವಾಧಿಕಾರದ ನಂತರ ಮೊದಲ ಬಾರಿಗೆ ರಾಜಕೀಯ ಕಾರಣಕ್ಕಾಗಿ ಸಾಂಟಿಯಾಗೊದಲ್ಲಿ ಕರ್ಫ್ಯೂ ಹೇರಿ ಸೇನೆಯನ್ನು ಬೀದಿಗಿಳಿಸಲಾಯಿತು. ಬೀದಿಯಲ್ಲಿ ಮತ್ತೆ ಕಂಡ ಸೇನೆ ಹಳೆಯ ನೆನಪನ್ನು ಕೆದಕುವಂತಿತ್ತು. ಆದರೆ 2023ರಲ್ಲಿ, ಐವತ್ತನೆಯ ವರ್ಷಾಚರಣೆಗೆ ಟಿವಿಎನ್ ‘ಅಯೆಂದೆಯ ಸಾವಿರ ದಿನಗಳು’ ಎಂಬ ಕಿರುಸರಣಿಯ ಮೂಲಕ ಕೊನೆಗೂ 1970–73ರ ಕಾಲಕ್ಕೆ ಕೈಹಾಕಿದ ವರ್ಷವೇ, ಸೆರ್ಕ್–ಮೋರಿ ಸಂಸ್ಥೆಯ ಸಮೀಕ್ಷೆಯಲ್ಲಿ ಕ್ಷಿಪ್ರಕ್ರಾಂತಿ ನಡೆಸಿದ ಸೇನೆ ಮಾಡಿದ್ದು ಸರಿ ಎಂದವರ ಪ್ರಮಾಣ ಶೇ. 36 ಆಗಿತ್ತು, ಧಾರಾವಾಹಿಗಳ ಅಲೆ ಉತ್ತುಂಗದಲ್ಲಿದ್ದ 2013ರಲ್ಲಿ ಅದು ಶೇ. 16 ಇತ್ತು. ನೋಡಿದ ನೆನಪು ಒಮ್ಮೆ ಬೇರೂರಿದರೆ ಅಳಿಯದು ಎಂಬ ನಂಬಿಕೆಯನ್ನು ಈ ಅಂಕಿಗಳು ಬೆಂಬಲಿಸುವುದಿಲ್ಲ. ಅಪರಾಧ, ವಲಸೆ, ಆರ್ಥಿಕ ಅಭದ್ರತೆ ಕುರಿತ ವರ್ತಮಾನದ ಆತಂಕಗಳು ಭೂತಕಾಲದ ತೀರ್ಪನ್ನು ಮತ್ತೆ ಮತ್ತೆ ತಿದ್ದುತ್ತವೆ, ಮತ್ತು ಅಂಥ ಆತಂಕಗಳೆದುರು ಮರುಕವೊಂದರ ಮೇಲೆಯೇ ನಿಂತ ನೆನಪು ಬೇಗ ಸೋಲುತ್ತದೆ.

ಹಾಗೆಂದು ಈ ಧಾರಾವಾಹಿಗಳು ವಿಫಲವಾದವೆಂದು ತೀರ್ಮಾನಿಸುವುದೂ ತಪ್ಪು. ಚಿಲಿಯ ಅನುಭವದಿಂದ ಹೊರಡುವ ತೀರ್ಪು ಇಷ್ಟು: ಧಾರಾವಾಹಿ ಮೌನವನ್ನು ಮುರಿಯಬಲ್ಲದು, ಪ್ರಶ್ನೆಯನ್ನು ಮನೆಯೊಳಗೆ ತರಬಲ್ಲದು, ಆದರೆ ಉತ್ತರದ ಭಾರ ಹೊರಬೇಕಾದವು ಕಡತಗಳು, ಶಾಲೆಗಳು ಮತ್ತು ನ್ಯಾಯಾಲಯಗಳು. ಅಪಾಯದ ನಡುವೆ ಕುಳಿತು ಹೆಸರು, ದಿನ, ಸ್ಥಳ ಬರೆದಿಟ್ಟ ವಿಕಾರಿಯಾದ ಗುಮಾಸ್ತರು ಇಲ್ಲದಿದ್ದರೆ ‘ಕಾರ್ಡಿನಲ್‌ರ ಕಡತಗಳು’ ಬರಿಯ ಪತ್ತೇದಾರಿ ಕಥೆಯಾಗುತ್ತಿತ್ತು, ಕ್ಯಾಸೆಟ್ ಹೊತ್ತು ತಿರುಗಿದ ಚಿತ್ರಗ್ರಾಹಕರು ಇಲ್ಲದಿದ್ದರೆ ನಿಷೇಧಿತ ಚಿತ್ರಗಳನ್ನು ತೋರಿಸಲು ಚಿತ್ರಗಳೇ ಇರುತ್ತಿರಲಿಲ್ಲ. ಆ ದಾಖಲೆಗಳನ್ನು ಯುನೆಸ್ಕೊ 2003ರಲ್ಲಿ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿದೆ. ಕಿರುತೆರೆ ತನ್ನ ಹಳೆಯ ಸಾಲದ ಒಂದು ಕಂತನ್ನು ತೀರಿಸಿತೆಂದು ಒಪ್ಪಿಕೊಂಡರೂ ರಾಜ್ಯದ ಸಾಲ ಬಾಕಿಯಿದೆ: 2023ರ ಆಗಸ್ಟ್‌ನಲ್ಲಿ ಚಿಲಿ ಸರ್ಕಾರ ಕಣ್ಮರೆಯಾದವರ ಶೋಧಕ್ಕಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಪ್ರಕಟಿಸಿದಾಗ, ಪಟ್ಟಿಯಲ್ಲಿದ್ದ 1,469 ಮಂದಿಯಲ್ಲಿ ಗುರುತು ಪತ್ತೆಯಾಗಿದ್ದವರು ಕೇವಲ 307. ಉಳಿದ 1,162 ಮಂದಿಯ ಅವಶೇಷಗಳು ಎಲ್ಲಿವೆ ಎಂಬುದು ಅವರ ಕುಟುಂಬಗಳಿಗೆ ಕ್ಷಿಪ್ರಕ್ರಾಂತಿಯ ಐವತ್ತು ವರ್ಷಗಳ ನಂತರವೂ ತಿಳಿದಿರಲಿಲ್ಲ.